ಪಿ.ಟಿ. ಮೇಡಂ ತಂದ ಗುದ್ದೋ ಡಬ್ಬ

ನಮ್ಮ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಡಂಗೆ ಅಂತ ಒಂದು ಕುರ್ಚಿ ಇತ್ತು. ಥ್ರೋಬಾಲ್ ನೆಟ್ಟು, ಹಗ್ಗಜಗ್ಗಾಟದ ಹಗ್ಗ, ಗಾಳಿ ಹೋದ ವಾಲಿಬಾಲು, ಯಾವುದೋ ಹುಡುಗಿ ಬಿಟ್ಟುಹೋದ ಸ್ವೆಟರು, ಎಲ್ಲವೂ ಅದರ ಮೇಲೆ ಕೂತಿರುತ್ತಿದ್ದವು. ಮೇಡಂ ಮಾತ್ರ ಕೂರುತ್ತಿರಲಿಲ್ಲ. ಡಬ್ಬಿಯ ಊಟವನ್ನು ಕಿಟಕಿಗೆ ಒರಗಿಕೊಂಡು ನಿಂತೇ ಮುಗಿಸುತ್ತಿದ್ದರು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗಲೂ ಒಂದು ಪಾದ ಬಾಗಿಲಿನ ಕಡೆಗೇ ತಿರುಗಿರುತ್ತಿತ್ತು. ಹೆಡ್‌ಮಾಸ್ಟರು ಮೀಟಿಂಗ್ ಕರೆದರೆ ಹೊಸ್ತಿಲ ಮೇಲೆ ನಿಂತು, ಅವರು ಎರಡನೇ ಮಾತು ಆಡುವಷ್ಟರಲ್ಲಿ ಮೈದಾನ ಸೇರಿರುತ್ತಿದ್ದರು. "ಕುಂತ್ರೆ ಕಾಲು ಜೋಮು ಇಡೀತದೆ ಕಣಮ್ಮಾ," ಅನ್ನುತ್ತಿದ್ದರು ನನಗೆ.

ಬಂಗಾರಪೇಟೆಯ ಆ ಹೈಸ್ಕೂಲಿಗೆ ನಾನು ಕನ್ನಡ ಹೇಳಿಕೊಡಲು ಸೇರಿದಾಗ ಅವರು ಅಲ್ಲಿ ಹಳಬರು. ಮನೆ ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ. ಗಂಡ ಗಣಿ ಮುಚ್ಚುವವರೆಗೂ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಹುಟ್ಟಿದ ಊರು ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿ. ಆ ಹಳ್ಳಿಯ ಮಾತನ್ನು ಮೇಡಂ ಜೀವನಪೂರ್ತಿ ಬಿಡಲಿಲ್ಲ. ಅವರ ಬಾಯಲ್ಲಿ ಹಕಾರಕ್ಕೆ ಜಾಗವಿರಲಿಲ್ಲ. ತಡವಾಗಿ ಬಂದ ಹುಡುಗನನ್ನು ಹಿಡಿದು "ಏಳ್ಲಾ!" ಎಂದು ಗದರಿದರೆ, ಅದು ಎದ್ದು ನಿಲ್ಲುವ ಏಳೋ, ಬಾಯಿಬಿಟ್ಟು ಹೇಳುವ ಏಳೋ ತಿಳಿಯದೆ ಅವನು ಎದ್ದು ನಿಂತು ಹೇಳಲು ಶುರುಮಾಡುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಮೇಡಂ ಅಲ್ಲಿ ಇರುತ್ತಿರಲಿಲ್ಲ.

ಅದೇ ಅವರ ಮೇಲೆ ಎಲ್ಲರಿಗೂ ಇದ್ದ ದೂರು. ನಾವು ಮಾತಾಡುತ್ತಿರುವಾಗಲೇ ಎದ್ದು ನಡೆದುಬಿಡುತ್ತಾರೆ. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. "ಊಟ ಆಯ್ತಾ? ಆಗಿರ್ತದೆ ಬಿಡು." "ಮಗೀಗೆ ಜ್ವರ ಬಿಡ್ತಾ? ಬಿಟ್ಟಿರ್ತದೆ, ಈಗಿನ ಮಾತ್ರೆ ಅಂಗವೆ." ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಜಂಭ ಎಂದವರುಂಟು. ನನಗೆ ಹಾಗನ್ನಿಸಲಿಲ್ಲ. ಮೈಯೊಳಗೆ ಯಾವುದೋ ಚಕ್ರ ತಿರುಗುತ್ತಿದೆ, ಅದು ಇವರನ್ನು ನಿಲ್ಲಲು ಬಿಡುವುದಿಲ್ಲ ಅಂದುಕೊಂಡಿದ್ದೆ. ಸಂಜೆ ಸ್ಟೇಷನ್ ರಸ್ತೆಯಲ್ಲಿ ಪಾನಿಪುರಿ ತಿನ್ನಲು ಹೋದರೂ ಅಷ್ಟೇ. ನಮ್ಮೂರಿನ ಬಿಳಿ ನೀರಿನ ಪಾನಿಪುರಿಗೆ ದೂರದ ಊರಿನವರು ಬಂದು ಸಾಲು ನಿಲ್ಲುತ್ತಾರೆ. ಇವರು ಸಾಲಿನ ಪಕ್ಕದಲ್ಲಿ ಅತ್ತಿಂದಿತ್ತ ಓಡಾಡುತ್ತ, ತಮ್ಮ ಪಾಳಿ ಬಂದಾಗ ಎರಡನ್ನು ಬಾಯಿಗೆ ಹಾಕಿಕೊಂಡು, ಮೂರನೆಯದನ್ನು ಕೈಯಲ್ಲಿ ಹಿಡಿದು ಸ್ಕೂಟರಿನ ಕಡೆ ನಡೆಯುತ್ತಿದ್ದರು. ಅದರ ನೀರು ಮೊಣಕೈವರೆಗೂ ಇಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಚಕ್ರ ಇನ್ನೂ ಜೋರಾಯಿತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮಿಸ್ಡ್ ಕಾಲ್ ನೋಡಿ ಊರಿಗಾಂನಿಂದ ಸ್ಕೂಟರ್ ಹತ್ತಿ ಬಂದು ಬಾಗಿಲಲ್ಲೇ ನಿಂತು, "ಏನಕ್ಕಮ್ಮಾ ಮಾಡಿದ್ದೆ?" ಎಂದು ಕೇಳುತ್ತಿದ್ದರು. ಹಾಗೆ ಒಂದು ಭಾನುವಾರ ಬೆಳಿಗ್ಗೆ ಕರೆಯದೆಯೂ ಬಂದರು.

"ಒರಡಮ್ಮಾ. ಆಂಡರ್ಸನ್‌ಪೇಟೆಗೆ ಓಗಣ. ಮನೆಗೊಂದು ಗುದ್ದೋ ಡಬ್ಬ ತಕಬೇಕು."

ಖಾರ ಕುಟ್ಟುವ ಯಂತ್ರವಿರಬೇಕು ಎಂದುಕೊಂಡು ನಾನು ಹೊರಟೆ. ದಾರಿಯಲ್ಲಿ, ಗಾಳಿಗೆ ಎದುರಾಗಿ ಕೂಗುತ್ತ ಅವರು ವಿವರಿಸಿದರು. ಮಗ ಟಿವಿಯ ಅಕ್ಕಪಕ್ಕ ಸಣ್ಣ ಸ್ಪೀಕರುಗಳನ್ನೂ ಒಂದು ಆಂಪ್ಲಿಫಯರನ್ನೂ ಹಾಕಿಸಿದ್ದಾನೆ. ಅದರಿಂದ ಏನೂ ಪ್ರಯೋಜನವಿಲ್ಲ. ಸಬ್‌ವೂಫರ್ ಅಂತ ಬರುತ್ತದಂತೆ, ದಪ್ಪ ಸದ್ದಿಗೇ ಅಂತ ಮಾಡಿದ್ದು, ಅದು ಬೇಕು. ಅರವತ್ತು ದಾಟಿದ ಹೆಂಗಸು ಸಬ್‌ವೂಫರ್ ಕೊಳ್ಳಲು ಹೊರಟಿದ್ದಾರೆ! ನನಗೆ ನಗು ತಡೆಯಲಾಗಲಿಲ್ಲ.

ಅಂಗಡಿಯವನು ತಮಿಳಿನವನು. "ವಾಂಗ ಮೇಡಂ, ವಾಂಗ," ಎಂದು ಕುರ್ಚಿ ಹಾಕಿದ. ಮೇಡಂ ಕೂರಲಿಲ್ಲ. ಅವನು ಮೊದಲು ಒಂದು ಸೆಟ್ ಹಚ್ಚಿ ಯಾವುದೋ ಗೆಜ್ಜೆಯ ನಾದ, ಸಣ್ಣ ಗಂಟೆಗಳ ಕಿಣಿಕಿಣಿ ಕೇಳಿಸಿದ. ನನ್ನ ಮೈ ಜುಮ್ಮೆಂದಿತು, ಅಷ್ಟು ಚೆನ್ನಾಗಿತ್ತು.

"ಆಕಪ್ಪಾ, ಯಾಕೆ ಸುಮ್ಕೆ ನಿಂತ್ಕಂಡೆ?" ಅಂದರು ಮೇಡಂ.

ಅವನು ನನ್ನ ಮುಖ ನೋಡಿದ. "ಹಾಡ್ತಿದೆಯಲ್ಲ ಮೇಡಂ."

"ಗೊತ್ತಪ್ಪಾ, ತಮಾಸೆ ಮಾಡ್ದೆ," ಎಂದು ಅವರು ನಕ್ಕು ಬೇರೆ ಡಬ್ಬದ ಕಡೆ ನಡೆದರು. "ಇದೆಲ್ಲ ಬ್ಯಾಡ. ಗುದ್ದೋದು ತೋರ್ಸು."

ಅವನು ಎಂಟಿಂಚಿನದನ್ನು ತೋರಿಸಿದ. ನಿಮ್ಮ ಹಾಲ್ ಎಷ್ಟು ದೊಡ್ಡದು ಎಂದು ಕೇಳಿದ. ಊರಿಗಾಂನ ಹಳೇ ಕ್ವಾರ್ಟರ್ಸಿನ ಮನೆ, ಹಾಲ್ ಸಣ್ಣದು ಎಂದು ನಾನೇ ಹೇಳಿದೆ. ಹಾಗಾದರೆ ಇದೇ ಸಾಕು, ದೊಡ್ಡದಾದರೆ ಗೋಡೆ ಕಿಟಕಿ ಎಲ್ಲ ಅದುರುತ್ತದೆ ಅಂದ. ಅಷ್ಟರಲ್ಲಿ ಮೇಡಂ ಮೂಲೆಯಲ್ಲಿದ್ದ ಇನ್ನೊಂದರ ಮುಂದೆ ನಿಂತಿದ್ದರು. ಹತ್ತಿಂಚಿನದು. ಅದರ ಬಾಯಿ ಎದುರಿಗಿರಲಿಲ್ಲ, ನೆಲಕ್ಕೆ ಮುಖ ಮಾಡಿತ್ತು. ಅದನ್ನು ಹಚ್ಚಿಸಿದರು. ತಮಟೆಯ ಏಟು ಶುರುವಾಯಿತು. ಮೇಡಂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಡಬ್ಬದ ಪಕ್ಕ ನಿಂತರು. ಅವರ ಮುಖದಲ್ಲಿ ಕ್ರೀಡಾಕೂಟದ ದಿನ ನಮ್ಮ ಹುಡುಗಿಯರು ರಿಲೇ ಗೆದ್ದಾಗ ಬರುತ್ತಿದ್ದ ಕಳೆ ಬಂತು.

"ಇದೇ ಕೊಡಪ್ಪಾ."

"ಮೇಡಂ, ಪಕ್ಕದ್ಮನೆಯೋರು ಜಗಳಕ್ಕೆ ಬರ್ತಾರೆ."

"ಬರ್ಲಿ. ಕಾಫಿ ಕೊಡ್ತೀನಿ."

ಡಬ್ಬವನ್ನು ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು, ಮಂಡಿಗಳನ್ನು ಎರಡು ಕಡೆಗೂ ಚಾಚಿ ಅವರು ಓಡಿಸಿದರು. ಹಿಂದೆ ಕೂತ ನಾನು ದಾರಿಯುದ್ದಕ್ಕೂ ದೇವರನ್ನು ನೆನೆದೆ. ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದ ತಿರುವಿನಲ್ಲೂ ವೇಗ ತಗ್ಗಲಿಲ್ಲ. ಹಿಂದಿನಿಂದ ಬಸ್ಸೊಂದು ಹಾರ್ನ್ ಮಾಡುತ್ತಲೇ ಇತ್ತು, ಇವರು ದಾರಿ ಬಿಡಲೇ ಇಲ್ಲ. ನಾನು ಭುಜ ಹಿಡಿದು ಅಲುಗಾಡಿಸಿದ ಮೇಲೆ ಪಕ್ಕಕ್ಕೆ ಸರಿದರು.

ಮನೆಯಲ್ಲಿ ಅವರ ಗಂಡ, ಮಗ, ಸೊಸೆ, ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ ಮೊಮ್ಮಗಳು. ಸೊಸೆ ಮುಳಬಾಗಿಲು ಕಡೆಯವಳು, ತೆಳ್ಳಗಿನ ಹುಡುಗಿ. ಡಬ್ಬವನ್ನು ನೋಡಿ ಅವಳು ಗಂಡನ ಮುಖ ನೋಡಿದಳು. ಅವನು ಫೋನ್ ನೋಡಿದ. ಯಾವುದೋ ವಿಡಿಯೋದಲ್ಲಿ ಇದನ್ನು ಎಲ್ಲಿಡಬೇಕೆಂದು ಕಂಡುಕೊಳ್ಳುವ ಉಪಾಯ ಅವನಿಗೆ ಸಿಕ್ಕಿತ್ತು.

"ಅಮ್ಮಾ, ಡಬ್ಬನ ಮೊದಲು ನೀನು ಕೂರೋ ಜಾಗದಲ್ಲಿ ಇಡ್ಬೇಕಂತೆ. ಆಮೇಲೆ ನೀನು ಗೋಡೆ ಪಕ್ಕ ಅಂಬೆಗಾಲಲ್ಲಿ ಸುತ್ತಬೇಕಂತೆ. ಎಲ್ಲಿ ಸದ್ದು ಚೆನ್ನಾಗಿ ಕೇಳ್ತದೋ ಅದೇ ಡಬ್ಬಕ್ಕೆ ಜಾಗ."

ಬೇರೆ ಯಾರಾದರೂ ಆಗಿದ್ದರೆ ಮಗನನ್ನೇ ಅಂಬೆಗಾಲಿಡು ಅನ್ನುತ್ತಿದ್ದರು. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲಕ್ಕೆ ಕೈಯೂರಿಯೇ ಬಿಟ್ಟರು. ಡಬ್ಬವನ್ನು ಅವರ ಬೆತ್ತದ ಕುರ್ಚಿಯ ಮೇಲೆ ಇಟ್ಟು ಹಚ್ಚಿದೆವು. ಸದ್ದು ಗುದ್ದತೊಡಗಿತು. ಮೇಡಂ ಗೋಡೆಯ ಅಂಚಿನಲ್ಲಿ ಸರಸರನೆ ಹೊರಟರು. ಅಜ್ಜಿ ತನ್ನ ಹಾಗೇ ಓಡಾಡುವುದನ್ನು ಕಂಡ ಮಗು ಕೇಕೆ ಹಾಕಿ ಹಿಂದೆಯೇ ಹೊರಟಿತು. ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೊಸೆಯೂ ನಕ್ಕಳು. ಮೇಡಂ ಅಲ್ಲಲ್ಲಿ ನಿಂತು ಅಂಗೈಯನ್ನು ನೆಲಕ್ಕೆ ಒತ್ತುವರು, ಗೋಡೆಗೆ ಒತ್ತುವರು, ಮುಂದೆ ಸರಿಯುವರು. ಕೊನೆಗೆ ರೂಮಿನ ಗೋಡೆಯೂ ಬೀದಿ ಗೋಡೆಯೂ ಸೇರುವ ಮೂಲೆಯಲ್ಲಿ ನಿಂತು ಎರಡು ಕೈಯನ್ನೂ ಎರಡು ಗೋಡೆಗೆ ಇಟ್ಟರು.

"ಇಲ್ಲೇ!"

ಸೊಸೆಯ ನಗು ಅಲ್ಲಿಗೆ ನಿಂತಿತು. ಆ ಗೋಡೆಯ ಆಚೆಗೆ ಅವಳ ಮಂಚವಿತ್ತು, ಮಗು ಮಲಗುವುದು ಅಲ್ಲೇ.

ಮುಂದಿನ ವಾರಗಳಲ್ಲಿ ನಾನು ಹೋದಾಗಲೆಲ್ಲ ಡಬ್ಬ ಬೇರೆ ಬೇರೆ ಕಡೆ ಇರುತ್ತಿತ್ತು. ಮೂಲೆಯಲ್ಲಿದ್ದಾಗ ಮಂಚ ನಡುಗಿ ಮಗು ಬೆಚ್ಚಿಬಿದ್ದು ಏಳುತ್ತಿತ್ತು. ಮೇಡಂ ತರಕಾರಿಗೆ ಹೋದ ಹೊತ್ತಿನಲ್ಲಿ ಸೊಸೆ ಅದನ್ನು ಟಿವಿಯ ಪಕ್ಕಕ್ಕೆ ಎಳೆದಳು. ಅಲ್ಲಿಗೆ ಬಂದರೆ ಗುದ್ದು ಸತ್ತೇಹೋಯಿತೆಂದು ಮೇಡಂ ದೇವರ ಮನೆಯ ಗೋಡೆಗೆ ಒತ್ತಿಟ್ಟರು. ಯಜಮಾನರು ಪೂಜೆಗೆ ಕೂತರೆ ಗಂಟೆ ತಾನೇ ಬಾರಿಸಿಕೊಳ್ಳತೊಡಗಿತು, ಹರಿವಾಣ ಸರಿದು ಸರಿದು ಪೀಠದ ಅಂಚಿಗೆ ಬಂತು. ಕಿಟಕಿಯ ಕೆಳಗಿಟ್ಟರೆ ಗಾಜು ಹಲ್ಲು ಕಡಿಯಿತು. ಮತ್ತೆ ಮೂಲೆಗೆ ಹೋಯಿತು. ಸದ್ದಿನ ತಿರುಗಣೆಯದೂ ಇದೇ ಕಥೆ. ಒಬ್ಬರು ಇಳಿಸುವುದು, ಇನ್ನೊಬ್ಬರು ಏರಿಸುವುದು. ಅತ್ತೆ ಸೊಸೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲ್ಲ ಜಗಳವನ್ನೂ ಆ ಡಬ್ಬವೇ ಆಡುತ್ತಿತ್ತು.

ಒಮ್ಮೆ ನನ್ನನ್ನು ಬಸ್‌ಸ್ಟಾಪಿಗೆ ಕಳಿಸಲು ಬಂದ ಸೊಸೆ ಹೇಳಿದಳು. "ಆಂಟಿ, ಬಂಗಾರಪೇಟೇಲಿ ಒಂದು ಬಾಡಿಗೆ ಮನೆ ನೋಡಿದ್ದೀವಿ. ಡಬ್ಬಕ್ಕೋಸ್ಕರ ಅಂತ ಅಂದ್ಕೋಬೇಡಿ. ಅತ್ತೆಗೆ ನಾನು ಅಂದ್ರೆ ಆಗಲ್ಲ. ಅತ್ತೆ ಅಂತ ಮೂರು ಸಲ ಕರೀತೀನಿ, ಎದ್ದು ಹೊರಗೆ ಹೋಗ್ತಾರೆ. ನಾನು ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ಸ್ಕೂಟರ್ ಕೀ ತಗೊಂಡುಬಿಡ್ತಾರೆ. ಒಂದಿನ ಆದ್ರೂ ನನ್ನ ಮಾತು ಪೂರ್ತಿ ಕೇಳಿಲ್ಲ."

"ಅವರ ಸ್ವಭಾವ ಹಾಗೇ ಕಣಮ್ಮಾ, ಸ್ಕೂಲಲ್ಲೂ ಹಾಗೇ ಇದ್ರು," ಎಂದೆ. ಅವಳ ಮುಖ ನೋಡಿದರೆ ಆ ಸಮಾಧಾನ ಅವಳಿಗೆ ಸಾಕಾದಂತೆ ಕಾಣಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ನಾನು ಊರಿಗಾಂಗೆ ಹೋದೆ. ಗೇಟಿನ ಹತ್ತಿರ ಬರುವಾಗಲೇ ಒಳಗಿನಿಂದ ಡಬ್ಬದ ಗುದ್ದು ಕೇಳುತ್ತಿತ್ತು. ಅದನ್ನೂ ಮೀರಿ ಮಗುವಿನ ಅಳು. ಹಸಿವಿನ ಅಳುವಲ್ಲ ಅದು. ಉಸಿರು ಸಿಕ್ಕಿಹಾಕಿಕೊಂಡು, ನಿಂತು, ಮತ್ತೆ ಸೀಳುವಂಥದು. ಬಾಗಿಲು ತೆರೆದೇ ಇತ್ತು. ಮೇಡಂ ನನಗೆ ಬೆನ್ನು ಮಾಡಿ ಟಿವಿಯ ಮುಂದೆ ನಿಂತಿದ್ದರು.

"ಮೇಡಂ, ಮಗು!" ಎಂದು ಕೂಗಿದೆ. ತಿರುಗಲಿಲ್ಲ.

ನಾನು ರೂಮಿಗೆ ಓಡಿದೆ. ಮಗು ಹಾಸಿಗೆಯಿಂದ ಉರುಳಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಒಂದು ಕೈ ಮೈಯ ಕೆಳಗೆ ಮಡಚಿಹೋಗಿತ್ತು, ಮುಖ ಕೆಂಪೇರಿ ಕಪ್ಪಾಗುತ್ತಿತ್ತು. ನಾನು ಮಂಚ ಎಳೆಯುತ್ತಿದ್ದಾಗಲೇ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದ ಸೊಸೆ ಮೆಟ್ಟಿಲಿಳಿದು ಓಡಿ ಬಂದಳು. ಮಗುವನ್ನು ಬಾಚಿಕೊಂಡು ಹಾಲಿಗೆ ಬಂದಳು. ನಮ್ಮ ಓಡಾಟ ಕಣ್ಣಂಚಿಗೆ ಬಿದ್ದು ಆಗ ತಿರುಗಿದ ಮೇಡಂ ಮಗುವಿನ ತೆರೆದ ಬಾಯನ್ನೇ ನೋಡಿದರು.

"ಎದ್ಳಾ? ಈಗ ಎದ್ಳಾ?"

"ಈಗಲ್ಲ ಅತ್ತೆ! ರಸ್ತೆಗೆ ಕೇಳ್ತಿದೆ! ಮಗು ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ನಲ್ಲ ನಾನು! ನಿಮ್ಮ ಡಬ್ಬ ನಿಮಗೆ ಹೆಚ್ಚಾಯ್ತಾ?" ಸೊಸೆ ಮಗುವನ್ನು ಹೆಗಲಿಗೇರಿಸಿಕೊಂಡಳು. "ನಾಳೇನೇ ನಾವು ಹೋಗ್ತೀವಿ."

ಮೇಡಂ ಮಗುವಿನ ಕಡೆ ಕೈ ಚಾಚಿದರು. ಸೊಸೆ ಹಿಂದೆ ಸರಿದಳು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮೇಡಂ ಗೂಟದಿಂದ ಕೀ ತೆಗೆದುಕೊಂಡು ಹೊರಗೆ ಹೋದರು. ಸ್ಕೂಟರ್ ಹೊರಟ ಸದ್ದು ಬಂತು.

"ನೋಡಿದ್ರಾ ಆಂಟಿ? ನೋಡಿದ್ರಾ?" ಅಂದಳು ಸೊಸೆ.

ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಯಜಮಾನರು ಡಬ್ಬದ ವೈರು ಕಿತ್ತರು. ಗುದ್ದು ನಿಂತಿತು.

"ಅವ್ಳಿಗೆ ಕಿವಿ ಕೇಳಲ್ಲಮ್ಮಾ," ಅಂದರು.

ನಾವಿಬ್ಬರೂ ಅವರ ಮುಖ ನೋಡಿದೆವು.

"ಬೋ ವರ್ಷ ಆಯ್ತು. ಯಾರ್ಗೂ ಏಳ್ಬ್ಯಾಡ ಅಂತ ನನ್ನ ಕೈ ಇಡ್ಕಂಡು ಆಣೆ ಆಕ್ಸವ್ಳೆ. ಸ್ಕೂಲಲ್ಲಿ ಗೊತ್ತಾದ್ರೆ ಮೈದಾನ ಬಿಡ್ಸಿ ಆಫೀಸಲ್ಲಿ ಕುರ್ಚಿ ಆಕಿ ಕೂರುಸ್ತಾರೆ, ನಾನು ಸತ್ತೇ ಓಯ್ತೀನಿ ಅನ್ನೋಳು. ರಿಟೈರ್ ಆದ್ಮೇಲಾದ್ರೂ ಏಳೇ ಅಂದ್ರೆ, ಇಷ್ಟು ದಿನ ಮುಚ್ಚಿಟ್ಟು ಈಗ ಏನಂತ ಏಳ್ಲಿ ಅಂತಾಳೆ. ಮಾತು ಕೇಳದೆ ಓದ್ರೆ ಜನಕ್ಕೆ ಗೊತ್ತಾಗ್ತದಲ್ಲ, ಅದಕ್ಕೇ ಯಾರಾದ್ರೂ ಬಾಯಿ ತೆಗೆಯೋಷ್ಟ್ರಲ್ಲಿ ಎದ್ದು ಓಗ್ಬುಡ್ತಾಳೆ."

ಸೊಸೆ ಮಗುವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. "ನನ್ನ ಜೊತೆ ಮಾತಾಡಲ್ಲ ಅಂತ ನಮ್ಮಮ್ಮನ ಹತ್ರ ಎಷ್ಟು ಸಲ ಅತ್ತಿದ್ದೀನಿ ಮಾವ," ಅಂದಳು. ಆಮೇಲೆ ಕೀ ಇಲ್ಲದ ಗೂಟದ ಕಡೆ ನೋಡಿ ಕೇಳಿದಳು, "ಕಿವಿ ಕೇಳದೇ ಇರೋರು ಗಾಡಿ ತಗೊಂಡು ಎಲ್ಲಿಗೆ ಹೋಗಿರ್ತಾರೆ?"

ಯಜಮಾನರು ಹೇಳಿದ ಗುರುತಿನ ಮೇಲೆ ನಾವು ಮಗುವನ್ನೂ ಕರೆದುಕೊಂಡು ಆಟೋದಲ್ಲಿ ಹೋದೆವು. ಗಣಿಯವರು ಫುಟ್‌ಬಾಲ್ ಆಡುತ್ತಿದ್ದ ಹಳೇ ಮೈದಾನ. ಆಚೆ ಬೂದಿಬಣ್ಣದ ದಿಬ್ಬಗಳು. ಮೈದಾನದ ಅಂಚಿನಲ್ಲಿ ಮೇಡಂ ಬಿರಬಿರನೆ ನಡೆಯುತ್ತಿದ್ದರು. ಬರಿಗಾಲು, ಸೆರಗು ಸೊಂಟದಲ್ಲಿ. ನಾನು ಕೂಗಲು ಬಾಯಿ ತೆರೆದೆ. ಸೊಸೆ ನನ್ನ ಕೈಗೆ ಮಗುವನ್ನು ಕೊಟ್ಟು ಮೈದಾನಕ್ಕೆ ಅಡ್ಡವಾಗಿ ಓಡಿದಳು. ಅತ್ತೆಯ ಎದುರಿಗೆ ಹೋಗಿ, ಎರಡು ಭುಜ ಹಿಡಿದು ನಿಲ್ಲಿಸಿದಳು.

"ಅತ್ತೆ, ನನ್ನ ಬಾಯಿ ನೋಡಿ. ಮನೆಗೆ ಬನ್ನಿ."

ಮೇಡಂ ಪಕ್ಕಕ್ಕೆ ತಪ್ಪಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ. ಮತ್ತೆ ಅದನ್ನೇ ಹೇಳಿದಳು. ಮೇಡಂ ಅವಳ ತುಟಿಗಳನ್ನು ದಿಟ್ಟಿಸಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಅವರ ಮುಖದ ಗಟ್ಟಿತನವೆಲ್ಲ ಕುಸಿದಿತ್ತು.

"ಜೋರಾಗಿ ಏಳೇ," ಅಂದರು. "ನಂಗೆ ಕೇಳ್ಸಲ್ಲ."

ಆ ಮೈದಾನದ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆವು. ಕೂತರೂ ಕೈ ಸುಮ್ಮನಿರಲಿಲ್ಲ, ಪಕ್ಕದ ಕಲ್ಲುಪುಡಿಯನ್ನು ಒಂದೇ ಸಮನೆ ಆಯುತ್ತಿತ್ತು. "ಮೊದ್ಲು ಗುಬ್ಬಿ ಸದ್ದು ಓಯ್ತು. ಆಮೇಲೆ ಫೋನು. ಎಂಗುಸ್ರ ದನಿ, ಮಕ್ಕಳ ದನಿ, ಎಲ್ಲಾ ನೀರೊಳಗಿಂದ ಬಂದಂಗೆ. ಕೊನೆಕೊನೆಗೆ ನಾನು ಊದಿದ ವಿಷಲ್ಲೇ ನಂಗೆ ಕೇಳ್ತಿರ್ಲಿಲ್ಲ ಕಣಮ್ಮಾ. ಊದ್ಬುಟ್ಟು ಮಕ್ಕಳ ಕಾಲು ನೋಡ್ತಿದ್ದೆ. ಕಾಲು ಓಡಿದ್ರೆ ವಿಷಲ್ ಆಗ್ಯದೆ ಅಂತ."

"ಡಬ್ಬ ಯಾಕೆ ತಂದ್ರಿ ಅತ್ತೆ?" ಸೊಸೆ ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ನೀವೆಲ್ಲ ಟಿವಿ ಮುಂದೆ ಕುಂತು ನಗ್ತೀರ. ನಾನೂ ನಗ್ತೀನಿ. ಯಾತಕ್ಕೆ ನಗ್ತಿದ್ದೀನಿ ಗೊತ್ತಿಲ್ಲ. ದಪ್ಪ ಸದ್ದು ಒಂದು ಮಾತ್ರ ಮೈಯೊಳಕ್ಕೆ ಬತ್ತದೆ. ಅದು ಗುದ್ದಿದ್ರೆ ಈಗ ಏನೋ ಆಯ್ತು ಅಂತ ತಿಳೀತದೆ. ನಿಮ್ಮ ಜೊತೆ ನಾನೂ ಇವ್ನಿ ಅನ್ನಿಸ್ತದೆ." ಆಮೇಲೆ ಮಗುವನ್ನು ನೋಡಿದರು. "ಇದರ ಅಳು ನಂಗೆ ಕೇಳ್ಸಲಿಲ್ಲ ಕಣೇ. ದೇವ್ರಾಣೆ ಕೇಳ್ಸಲಿಲ್ಲ."

ಸೊಸೆ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಅತ್ತೆಯ ಮಡಿಲಿಗೆ ಹಾಕಿದಳು.

ಬಾಡಿಗೆ ಮನೆಯ ಮಾತು ಮತ್ತೆ ಬರಲಿಲ್ಲ. ಆದರೆ ಡಬ್ಬದ ಸಮಸ್ಯೆ ಹಾಗೇ ಇತ್ತು. ಸದ್ದು ಏರಿಸಿದರೆ ಮಗು ಏಳುತ್ತದೆ, ಇಳಿಸಿದರೆ ಮೇಡಂಗೆ ತಲುಪುವುದಿಲ್ಲ. ಅದನ್ನು ಬಿಡಿಸಿದವಳು ಸೊಸೆಯೇ. ಮುಂದಿನ ಭಾನುವಾರ ನಾನು ಹೋದಾಗ ಅವಳು ಹಾಲಿನ ನಡುವೆ ನಿಂತು ಮಾವನಿಗೂ ಗಂಡನಿಗೂ ಕೆಲಸ ಹೇಳುತ್ತಿದ್ದಳು.

"ದೂರದ ಮೂಲೆಯಿಂದ ಅತ್ತೆವರೆಗೂ ಬರ್ಲಿ ಅಂತ ತಾನೆ ಅಷ್ಟು ಜೋರು ಇಡೋದು? ಡಬ್ಬನ ಅತ್ತೆ ಬೆನ್ನ ಹಿಂದೇನೇ ಇಟ್ರೆ?"

ಹಿತ್ತಲಲ್ಲಿ ಒಂದು ಹಳೇ ತೇಗದ ಬಾಗಿಲು ಬಿದ್ದಿತ್ತು. ಯಜಮಾನರು ಅದರ ಚಿಲಕ, ಕೀಲುಗಳನ್ನು ಕಿತ್ತು, ಉಜ್ಜಿ, ಗುದ್ದು ನೆಲಕ್ಕೆ ಇಳಿಯದಂತೆ ಕೆಳಗೆ ರಬ್ಬರಿನ ತುಂಡುಗಳನ್ನು ಹೊಡೆದು ಹಾಲಿಗೆ ತಂದು ಹಾಸಿದರು. ಬಾಗಿಲಿನ ಮುಂದಿನ ತುದಿಗೆ ಮೇಡಂ ಕುರ್ಚಿ, ಹಿಂದಿನ ತುದಿಗೆ ಡಬ್ಬ. ಮಗ ಹಚ್ಚಿದ. ಸೊಸೆ ತಿರುಗಣೆಯನ್ನು ತೀರಾ ಕೆಳಕ್ಕೆ ಇಳಿಸಿ, ಒಂಚೂರು ಮೇಲಕ್ಕೆ ತಂದಳು. ನನಗೆ ಸದ್ದು ಅಷ್ಟಾಗಿ ಕೇಳಲೇ ಇಲ್ಲ. ಗೋಡೆ ಮುಟ್ಟಿ ನೋಡಿದೆ, ಸುಮ್ಮನಿತ್ತು. ಕಿಟಕಿ ಸುಮ್ಮನಿತ್ತು. ರೂಮಿನಲ್ಲಿ ಮಗು ನಿದ್ದೆಯಲ್ಲಿತ್ತು.

ಮೇಡಂ ಬರಿಗಾಲನ್ನು ಹಲಗೆಯ ಮೇಲೆ ಊರಿ ಕೂತರು. ಮೊದಲು ಪಾದ ನೋಡಿಕೊಂಡರು, ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡರು.

"ಅಯ್ಯೋ, ಬೆನ್ನಿಗೇ ಬತ್ತದಲ್ಲೇ!" ಎಂದು ಕೂಗಿದರು. ಅವರ ಆ ಕೂಗಿಗೆ ಮಗು ಎದ್ದುಬಿಟ್ಟಿತು. ಎಲ್ಲರೂ ನಕ್ಕೆವು. ಈ ಸಲ ಯಾಕೆ ನಗುತ್ತಿದ್ದೇವೆಂದು ಸೊಸೆ ಅವರ ಮುಂದೆ ಬಂದು ನಿಂತು, ಕೈಸನ್ನೆ ಮಾಡಿ ತಿಳಿಸಿದಳು.

ಕೋಲಾರಕ್ಕೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದವಳೂ ಅವಳೇ. ಕಿವಿಗೆ ಮೆಷಿನ್ ಬಂತು. ಹಾಕಿಕೊಂಡ ದಿನ ನಾನೂ ಜೊತೆಗಿದ್ದೆ. ಡಾಕ್ಟರು ಏನೋ ತಿರುಗಿಸಿ, ಸೊಸೆಗೆ ಮಾತಾಡಲು ಹೇಳಿದರು. ಅವಳು ಏನು ಹೇಳಬೇಕೆಂದು ತಿಳಿಯದೆ, "ಅತ್ತೆ, ನಾನು," ಅಂದಳು.

ಮೇಡಂ ಅವಳನ್ನೇ ನೋಡಿದರು. "ನಿನ್ನ ದನಿ ಇಷ್ಟು ಮೆತ್ತಗಾ?" ಅಂದರು. "ನೀನು ಕಿರುಚ್ದಾಗ ಮಾತ್ರ ನಂಗೆ ಒಂದಿಷ್ಟು ಕೇಳೋದು. ಎಂಥಾ ಗಯ್ಯಾಳಿ ಸೊಸೆ ಬಂದ್ಳಪ್ಪಾ ಅಂದ್ಕಂಡಿದ್ದೆ ಕಣೇ ಇಷ್ಟು ದಿನ."

ಕಿವಿ ಬಂದ ಮೇಲೆ ಅವರು ತಣ್ಣಗಾದರು ಎಂದು ನೀವು ತಿಳಿದರೆ ತಪ್ಪು. ಹೊಸ ತಳಮಳ ಶುರುವಾಯಿತು. ಮನೆಯೊಳಗೆ ಪ್ರತಿ ಸದ್ದಿನ ಹಿಂದೆಯೂ ಓಡತೊಡಗಿದರು. ಫ್ರಿಜ್ಜು ಗುಂಯ್ ಅಂದರೆ ಅಲ್ಲಿಗೆ, ಒಗ್ಗರಣೆ ಚಟಪಟ ಅಂದರೆ ಅಡುಗೆ ಮನೆಗೆ, ಹಿತ್ತಲ ನಲ್ಲಿ ತೊಟ್ಟಿಕ್ಕಿದರೆ ಅಲ್ಲಿಗೆ. "ಇದೇನು? ಇದು ಯಾವತ್ತಿಂದ ಸದ್ದು ಮಾಡ್ತದೆ?" ಯಜಮಾನರು ಹಪ್ಪಳ ತಿಂದರೂ ಎದ್ದು ಬಂದು ಬಾಯಿ ನೋಡುತ್ತಿದ್ದರು. ತಲೆ ಸಿಡಿದುಹೋಗುತ್ತದೆಂದು ಮೆಷಿನ್ ಕಿತ್ತು ಟಿವಿಯ ಮೇಲೆ ಇಡುವರು, ಸ್ವಲ್ಪ ಹೊತ್ತಿಗೆ ಯಾರೋ ಏನೋ ಹೇಳಿರಬೇಕೆಂಬ ಸಂಶಯ ಬಂದು ಮತ್ತೆ ಹಾಕಿಕೊಳ್ಳುವರು. ಸಂಜೆ ಸಿನಿಮಾ ನೋಡುವಾಗ ಮಾತ್ರ ತೆಗೆದಿಡುತ್ತಿದ್ದರು. ಹಲಗೆಯ ಮೇಲೆ ಪಾದ, ಮಡಿಲಲ್ಲಿ ಮಗು. ಅದು ಎರಡು ಅಂಗೈಯನ್ನೂ ಅಜ್ಜಿಯ ಮಂಡಿಗೆ ಒತ್ತಿ ಅದುರುವಿಕೆಗೆ ಕಾಯುತ್ತಿತ್ತು. ಸೊಸೆ ಪಕ್ಕದಲ್ಲಿ ಕೂತು, ತೆರೆಯ ಮೇಲೆ ಯಾರು ಯಾರಿಗೆ ಏನಂದರೆಂದು ಅವರ ಕಡೆ ತಿರುಗಿ ತುಟಿಯಲ್ಲೇ ಹೇಳುತ್ತಿದ್ದಳು. ಆಗಾಗ ತನ್ನದೂ ಸೇರಿಸುತ್ತಿದ್ದಳೆಂದು ನನ್ನ ಅನುಮಾನ, ಏಕೆಂದರೆ ಅಳುವ ಸನ್ನಿವೇಶದಲ್ಲೂ ಮೇಡಂ ಬಿದ್ದು ಬಿದ್ದು ನಗುತ್ತಿದ್ದರು.

ಮೊಮ್ಮಗಳಿಗೆ ಮಾತು ಚೆನ್ನಾಗಿ ಬರುವ ಹೊತ್ತಿಗೆ ಮೇಡಂ ಹೋದರು. ಬೆಳಿಗ್ಗೆ ನಡೆಯಲು ಹೋದವರು ಎದೆ ಹಿಡಿದುಕೊಂಡು ವಾಪಸ್ಸು ಬಂದರು. ಕೋಲಾರದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದನೇ ದಿನದ ಊಟವಾದ ಮೇಲೆ ನೆಂಟರೆಲ್ಲ ಹೊರಟರು. ಸೊಸೆ ನನ್ನನ್ನು ಅಡುಗೆ ಮನೆಗೆ ಕರೆದು ಕಾಫಿ ಕೊಟ್ಟಳು.

"ಐಸಿಯುನಲ್ಲಿ ಕಿವಿ ಮೆಷಿನ್ ತೆಗೆಸಿಬಿಟ್ರು ಆಂಟಿ," ಅಂದಳು. "ಅತ್ತೆ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ರು, ಕಣ್ಣು ಬಿಡೋಕೂ ಆಗ್ತಿರಲಿಲ್ಲ. ನನ್ನ ಬಾಯಿ ಹೇಗೆ ನೋಡ್ತಾರೆ? ನರ್ಸು ಕಿವಿ ಹತ್ರ ಕೂಗಿ ಕೂಗಿ ಕರೀತಿದ್ರು. ಅತ್ತೆ ಬೆದರಿ ಬೆದರಿ ತಲೆ ಆ ಕಡೆ ಈ ಕಡೆ ಆಡಿಸ್ತಿದ್ರು, ಕೈಕಾಲು ಒಂದು ಗಳಿಗೆ ನೆಟ್ಟಗಿರಲಿಲ್ಲ. ನಾನು ಅವರ ಅಂಗೈ ತಗೊಂಡು ನನ್ನ ಗಂಟಲ ಮೇಲೆ ಇಟ್ಕೊಂಡೆ. ಮೆತ್ತಗೆ ಮಾತಾಡೋಕೆ ಶುರು ಮಾಡ್ದೆ. ಆಗ ಸುಮ್ಮನಾದ್ರು. ದಿನಾ ನನ್ನ ಒಳಗೆ ಬಿಟ್ಟಷ್ಟು ಹೊತ್ತೂ ಹಾಗೇ ಮಾಡ್ದೆ."

"ಏನು ಮಾತಾಡಿದೆಯಮ್ಮಾ?" ಎಂದೆ.

"ಏನೂ ಇಲ್ಲ ಆಂಟಿ. ಮನೆ ವಿಷಯ. ಮಗು ಇವತ್ತು ಮುದ್ದೆ ತಿಂದ್ಲು, ಮಾವ ಗಡ್ಡ ಮಾಡ್ಕೊಂಡ್ರು, ಹಾಲಿನವನು ತಡವಾಗಿ ಬಂದ, ಇಂಥದ್ದೇ. ಏನು ಹೇ‌ಳ್ತಿದ್ದೀನಿ ಅಂತ ಅವರಿಗೆ ತಿಳೀತಿತ್ತೋ ಇಲ್ವೋ." ಅವಳು ಲೋಟವನ್ನು ಕೆಳಗಿಟ್ಟು ತನ್ನ ಕತ್ತಿನ ಪಕ್ಕವನ್ನು ಮುಟ್ಟಿಕೊಂಡಳು. "ಆದ್ರೆ ನಾನು ಉಸಿರು ತಗೊಳ್ಳೋಕೆ ನಿಲ್ಲಿಸಿದ್ರೆ ಸಾಕು, ಇಲ್ಲಿ ಬೆರಳಲ್ಲಿ ತಟ್ಟೋರು. ಮುಂದಕ್ಕೆ ಹೋಗು ಅಂತ."